ಕೆವಿನಪ್ಪನಿಗೆ ಉಪಚಾರ

ನನಗೊಂದು ಕಾಯಿಲೆಯಿದೆ. ಮನೆಗೆ ಬಂದವರನ್ನು ಸುಮ್ಮನೆ ಕೂರಲು ಬಿಡುವುದು ನನ್ನಿಂದಾಗದು. ಇಂಗ್ಲಿಷರ ನಾಡಿನಲ್ಲಿ, ಇಲ್ಫರ್ಡಿನ ನಮ್ಮ ಮನೆಗೆ ಗ್ಯಾಸ್ ಮೀಟರ್ ನೋಡಲು ಬಂದ ಮನುಷ್ಯನನ್ನೂ ಚಕ್ಕುಲಿ ತಿನ್ನಿಸದೆ ಕಳಿಸಿದವನಲ್ಲ ನಾನು. ಇಷ್ಟು ವರ್ಷ ಇದರಿಂದ ಯಾರಿಗೂ ಅಪಾಯವಾಗಿರಲಿಲ್ಲ. ಈ ಸಲ ಪೆಟ್ಟು ಒಂದು ಊಸರವಳ್ಳಿಗೆ ಬಿತ್ತು.

ಹದಿಮೂರು ವರ್ಷದ ಮಗಳು ಇಂಚರ ಎರಡು ವರ್ಷ ಗೋಗರೆದು ಅದನ್ನು ಸಂಪಾದಿಸಿದ್ದಳು. ಹೆಸರು ಕೆವಿನ್. ಬರೀ ಕೆವಿನ್ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ, ಕೆವಿನಪ್ಪ ಎಂದೆ. ಅವನಿಗೆ ಆಳೆತ್ತರದ ಜಾಲರಿ ಗೂಡು, ಹತ್ತಲು ಕೊಂಬೆಗಳು, ಅಡಗಲು ಕುಂಡದ ಗಿಡ, ಶಾಖಕ್ಕೊಂದು ದೀಪ, ಬಿಸಿಲಿನ ಬದಲಿಗೆ ಇನ್ನೊಂದು. ನಾವೆಲ್ಲ ಸ್ವೆಟರ್ ಹಾಕಿಕೊಂಡು ಹೀಟಿಂಗ್ ಉಳಿಸುತ್ತಿದ್ದರೆ ಇವನಿಗೆ ಮಾತ್ರ ಏಪ್ರಿಲ್ ತಿಂಗಳ ಮೈಸೂರು! ಊಟಕ್ಕೆ ಮಿಡತೆಯಂಥ ಜೀವಂತ ಕ್ರಿಕೆಟ್ ಹುಳುಗಳು. ಮನೆಯೊಳಗೆ ಮೊಟ್ಟೆಯನ್ನೂ ಬಿಡದ ನನ್ನ ಹೆಂಡತಿ ಸವಿತಾ, "ಅಡುಗೆಮನೆ ಹೊಸಿಲು ದಾಟಿದ್ರೆ ನೋಡಿ ಮತ್ತೆ" ಎಂದು ಎಚ್ಚರಿಸಿ, ಹುಳುವಿನ ಡಬ್ಬಿಗೆ ಮೆಟ್ಟಿಲ ಕೆಳಗಿನ ಕಪಾಟು ಬಿಟ್ಟುಕೊಟ್ಟಳು.

ಗೂಡು ಎಲ್ಲಿಡಬೇಕೆಂಬುದನ್ನು ಮಾತ್ರ ನಾನೇ ತೀರ್ಮಾನಿಸಿದೆ. ಹಾಲ್‌ನಲ್ಲಿ, ಸೋಫಾದ ಎದುರಿಗೆ. ಹೊಸಬ ಬಂದಿದ್ದಾನೆ, ನಾಲ್ಕು ಜನರ ಕಣ್ಣಿಗೆ ಬೀಳಬೇಡವೇ?

"ಅಪ್ಪಾ, ಹೀ ನೀಡ್ಸ್ ಪ್ರೈವೆಸಿ" ಅಂದಳು ಇಂಚರ.

ಬಂದ ದಿನವೇ ಎಂಥ ಪ್ರೈವೆಸಿ ಎಂದುಕೊಂಡು ನಾನು ಸ್ಟೀಲ್ ಬಟ್ಟಲಿನ ತುಂಬ ನೀರಿಟ್ಟೆ. ಅದು ಬಟ್ಟಲಿನ ನೀರು ಮುಟ್ಟುವುದಿಲ್ಲ, ಎಲೆಯ ಮೇಲಿನ ಹನಿಯನ್ನಷ್ಟೇ ನೆಕ್ಕುತ್ತದೆ ಎಂದು ಅವಳು ಫ್ರಿಜ್ ಮೇಲೆ ಬರೆದು ಅಂಟಿಸಿದ್ದಳು. ನಾನು ಓದಿರಲಿಲ್ಲ.

ಶನಿವಾರ ಕ್ವೀನ್ಸ್‌ಬರಿ, ಹೌನ್ಸ್ಲೋಗಳಿಂದ ಪರಿಚಯದ ಮೂರು ಕನ್ನಡ ಸಂಸಾರ ನೋಡಲು ಬಂದವು. ನಾಮಕರಣಕ್ಕೆ ಬಂದವರ ಹಾಗೆ ಕೆವಿನಪ್ಪನನ್ನು ಸುತ್ತುವರಿದರು. "ಅಯ್ಯೋ ಪಾಪ, ಸೊರಗಿದಾನಲ್ರೀ" ಎಂದರೊಬ್ಬರು. ನನಗೆ ಅಷ್ಟು ಸಾಕಿತ್ತು. ಗೂಡಿನ ಬಾಗಿಲು ತೆರೆದು, ಚಿಮಟದಲ್ಲಿ ಹುಳು ಹಿಡಿದು ಅವನ ಬಾಯಿಗೇ ಒಡ್ಡಿದೆ. "ತಗೋ ಮರಿ, ಸಂಕೋಚ ಪಟ್ಕೋಬೇಡ." ಅವನು ಕಪ್ಪಿಟ್ಟುಹೋದ.

ಸುತ್ತಲಿನ ಬಣ್ಣಕ್ಕೆ ತಕ್ಕಂತೆ ಊಸರವಳ್ಳಿ ಬಣ್ಣ ಬದಲಿಸುತ್ತದೆಂದು ನಾವು ಪಕ್ಷಾಂತರಿಗಳಿಗೆಲ್ಲ ಅದರ ಹೆಸರಿಟ್ಟು ಬೈಯುತ್ತೇವೆ. ಪಾಪ, ಅದಕ್ಕೆ ಅಂಥ ಜಾಣತನವೇ ಇಲ್ಲ. ಚಳಿಯೋ ಭಯವೋ ಸಿಟ್ಟೋ, ಒಳಗಿದ್ದದ್ದು ಮೈಮೇಲೆ ಬಂದುಬಿಡುತ್ತದೆ. ಕೆವಿನಪ್ಪನ ಮೈಯೆಲ್ಲ "ಸಾಕು ಬಿಡ್ರಪ್ಪ" ಎನ್ನುತ್ತಿತ್ತು. ಆದರೆ ನಮ್ಮ ಕಡೆ ಸಾಕು ಎಂದವರಿಗೆ ತಾನೇ ಇನ್ನೆರಡು ಸೌಟು ಬಡಿಸುವುದು? ಪಕ್ಕದ ಮನೆಯ ಇಂಗ್ಲಿಷ್ ಮುದುಕ ಟೀ ಬೇಕಾ ಎಂದು ಒಮ್ಮೆ ಕೇಳುತ್ತಾನೆ. ಬೇಡ ಎಂದರೆ ನಿಜವಾಗಿಯೂ ಕೊಡುವುದಿಲ್ಲ! ಹದಿನೈದು ವರ್ಷ ಅದನ್ನು ಜಿಪುಣತನ ಎಂದೇ ತಿಳಿದಿದ್ದೆ.

ಮಂಗಳವಾರದವರೆಗೂ ಕೆವಿನಪ್ಪ ತಿನ್ನಲಿಲ್ಲ, ಕುಡಿಯಲಿಲ್ಲ. ಹಗಲಲ್ಲೇ ಕಣ್ಣು ಮುಚ್ಚಿ ಕೂತ. ಎತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದೆವು. ವೈದ್ಯೆ ಬಾಯಿಗೆ ನೀರು ಹಾಕಿ, ರೋಗವೇನಿಲ್ಲ, ಹೆದರಿದ್ದಾನೆ ಎಂದರು. ನಾಳೆ ತಾನಾಗಿ ನೀರು ಕುಡಿಯದಿದ್ದರೆ ಮೊದಲು ಸಾಕಿದವರಿಗೇ ಹಿಂದಿರುಗಿಸುವುದು ಒಳ್ಳೆಯದು, ಮನೆ ಒಗ್ಗುತ್ತಿಲ್ಲ ಎಂದರು. ನನ್ನ ಮನೆ! ಒಗ್ಗುತ್ತಿಲ್ಲವಂತೆ! ಕಾರಿನಲ್ಲಿ ಇಂಚರ, "ಯೂ ನೆವರ್ ಲಿಸನ್, ಅಪ್ಪಾ" ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಅಂದೇ ಗೂಡನ್ನು ಮಹಡಿಯ ಚಿಕ್ಕ ಕೋಣೆಗೆ ಸಾಗಿಸಿದೆವು. ಎತ್ತರದ ಮೇಜಿನ ಮೇಲಿಟ್ಟು, ಇನ್ನೆರಡು ಗಿಡ ಸೇರಿಸಿ, ದೀಪಕ್ಕೆ ತಾಗದ ಹಾಗೆ ಮೂರು ಕಡೆ ಸವಿತಾಳ ಹಳೆಯ ಹತ್ತಿ ಸೀರೆ ಕಟ್ಟಿದೆವು. ಬುಧವಾರ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಇಂಚರ ಎಲೆಗಳ ಮೇಲೆ ನೀರು ಸಿಂಪಡಿಸಿ, ನನ್ನನ್ನು ಗೂಡಿಗೆ ಬೆನ್ನು ಮಾಡಿ ನೆಲದ ಮೇಲೆ ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತು, ಸೆಲ್ಫಿ ತೆಗೆಯುವವಳಂತೆ ಫೋನ್ ಎತ್ತಿ ಹಿಡಿದಳು. ನಾನು ತುಟಿ ಪಿಟಕ್ಕೆನ್ನಬಾರದೆಂದು ಅಪ್ಪಣೆಯಾಗಿತ್ತು. ಇಪ್ಪತ್ತು ನಿಮಿಷ! ಕಾಲು ಜೋಮು ಹಿಡಿಯಿತು. ಆಗ ಫೋನಿನಲ್ಲಿ, ನಮ್ಮಿಬ್ಬರ ಮುಖಗಳ ಹಿಂದೆ, ಎಲೆಗಳ ಸಂದಿಯಿಂದ ಒಂದು ಹಸಿರು ಮೂತಿ ಹೊರಬಂತು. ಒಂದು ಹನಿ ನೆಕ್ಕಿತು. ಇನ್ನೊಂದು ನೆಕ್ಕಿತು. ನನ್ನ ಕಣ್ಣು ತುಂಬಿ ಫೋನೇ ಕಾಣದಾಯಿತು.

ಇಂಚರ ನನ್ನ ಭುಜಕ್ಕೆ ತಲೆಯಾನಿಸಿದಳು. ನಾನೇನೂ ಕೇಳದೆಯೇ, "ಅಪ್ಪಾ, ಮೊನ್ನೆ ಸ್ಕೂಲಲ್ಲಿ ಏನಾಯ್ತು ಗೊತ್ತಾ?" ಎಂದಳು, ಕನ್ನಡದಲ್ಲೇ. ಗೊತ್ತಿರಲಿಲ್ಲ. ತಿರುಗಿ ನೋಡಿದರೆ ಎಲ್ಲಿ ಮಾತು ನಿಲ್ಲಿಸಿಬಿಡುತ್ತಾಳೋ ಎಂದು ನಾನು ಕಾರ್ಪೆಟ್ಟನ್ನೇ ನೋಡುತ್ತ ಕೂತೆ.