ಪಾದ ಕೊಡದ ಬಸಪ್ಪ

ನರ್ಸ್ ಕೆಲಸದಿಂದ ನಿವೃತ್ತಳಾಗಿ ಮಂಡ್ಯದ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಮಳವಳ್ಳಿಯ ಆಸ್ಪತ್ರೆಯೊಂದರಿಂದ ಕರೆದರು. ವಿದೇಶದಿಂದ ಕಣ್ಣಿನ ಡಾಕ್ಟರುಗಳ ತಂಡ ಸೇವೆಗೆಂದು ಬರುತ್ತಿದೆ, ಅವರ ಇಂಗ್ಲಿಷನ್ನು ನಮ್ಮವರಿಗೆ, ನಮ್ಮವರ ಮಾತನ್ನು ಅವರಿಗೆ ತಿಳಿಸಬೇಕು ಅಂದರು. ಒಪ್ಪಿಕೊಂಡೆ. ಪ್ರತಿ ಆಪರೇಷನ್ನಿಗೂ ಮುಂಚೆ ಪ್ರಾರ್ಥನೆ ಇರುತ್ತದೆಂದು ಯಾರೂ ಹೇಳಿರಲಿಲ್ಲ. ದೊಡ್ಡ ಡಾಕ್ಟರು ರೋಗಿಯ ಪಕ್ಕ ನಿಂತು ಕಣ್ಣು ಮುಚ್ಚಿದರೆ ಮುಗಿಯಿತು, ತೆರೆಯುವ ಸೂಚನೆಯೇ ಇಲ್ಲ. ಹೊರಗೆ ಬೆಳಗಿನಿಂದ ಕಾದ ಜನ ಬಾಗಿಲು ಬಡಿಯುತ್ತಿದ್ದರು. ನನಗೆ ದೇವರ ಮೇಲೆ ಸಿಟ್ಟಿಲ್ಲ, ಅವನೊಡನೆ ಇಷ್ಟುದ್ದ ಮಾತಾಡುವವರನ್ನು ಕಂಡರೆ ಮೈ ಉರಿಯುತ್ತದೆ.

ಕೊನೆಯ ದಿನ ಬೆಳಕವಾಡಿ ಕಡೆಯ ಹೆಂಗಸೊಬ್ಬಳು ಸೊಸೆಯ ಕೈ ಹಿಡಿದು ಬಂದಳು. ನನ್ನ ವಾರಿಗೆಯವಳೇ. ಒಂದು ಕಣ್ಣು ಹಿಂದೆ ಎಲ್ಲೋ ಆಪರೇಷನ್ ಮಾಡಿಸಿ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಲಿತು, ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಡಾಕ್ಟರು ಪರೀಕ್ಷಿಸಿ, ಈ ಕಣ್ಣು ಉಳಿಯುತ್ತದೆ, ನಾಳೆ ನಾವು ಹೊರಡುತ್ತೇವೆ, ಇವತ್ತೇ ಮಾಡೋಣ ಅಂದರು. ಬಸಪ್ಪನನ್ನು ಕೇಳದೆ ಮಲಗುವುದಿಲ್ಲ ಅಂದಳು ಆಕೆ. ಮೊದಲನೆಯದಕ್ಕೆ ಕೇಳದೇ ಹೋಗಿದ್ದಕ್ಕೇ ಹಾಗಾಯಿತಂತೆ.

ಬಸಪ್ಪ ಅಂದರೆ ಅವರೂರ ದೇವರಿಗೆ ಬಿಟ್ಟ ಬಸವ. ಮುಂದೆ ಕೂತು ಅಂಗೈ ಒಡ್ಡಿದರೆ, ಅವನಿಗೆ ಒಪ್ಪಿಗೆಯಿದ್ದರೆ ಗೊರಸು ಎತ್ತಿ ಕೈಮೇಲೆ ಇಡುತ್ತಾನೆ. ಅದಕ್ಕೆ ಪಾದ ಕೊಡುವುದು ಎನ್ನುತ್ತಾರೆ. ಮದುವೆ, ಬೋರ್‌ವೆಲ್ಲು, ಅಣ್ಣತಮ್ಮಂದಿರ ಜಗಳ ಎಲ್ಲವೂ ಹೀಗೇ ತೀರ್ಮಾನ. ಡಾಕ್ಟರು ನಗುತ್ತಾರೆ ಅಂದುಕೊಂಡು ಹೇಳಿದೆ. ಅವರು ಗಂಭೀರವಾಗಿ, ಕೇಳಿ ಬರಲಿ, ನಾವೂ ದೇವರನ್ನು ಕೇಳಿಯೇ ಮಾಡುತ್ತೇವಲ್ಲ ಅಂದರು. ಒಳ್ಳೆ ಜೋಡಿ ಸಿಕ್ಕಿತು ನನಗೆ.

ಆಟೋದಲ್ಲಿ ಅತ್ತೆ ಸೊಸೆಯನ್ನು ನಾನೇ ಕರೆದುಕೊಂಡು ಹೋದೆ. ಬಸಪ್ಪ ಗುಡಿಯ ಮುಂದೆ ಕಬ್ಬಿನ ಸೋಗೆ ಮೇಯುತ್ತಿದ್ದ. ಆಕೆ ಮಂಡಿಯೂರಿ ಅಂಗೈ ಚಾಚಿದಳು. ಅವನು ಕೈ ಮೂಸಿ ಮತ್ತೆ ಸೋಗೆಗೆ ಬಾಯಿ ಹಾಕಿದ. ಪೂಜಾರಿ ಬೇಡಿಕೊಂಡರೂ ಕದಲಲಿಲ್ಲ. ಬಿಸಿಲು ನೆತ್ತಿಗೆ ಬಂತು, ಆಕೆ ಚಾಚಿದ ಕೈ ಇಳಿಸಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಅದು ದನ ಕಣಕ್ಕ. ಒಟ್ಟೆ ಅಸ್ದೈತೆ, ತಿಂತೈತೆ. ಏಳು, ಓಗವ.”

ನೆರೆದವರು ನನ್ನನ್ನು ನುಂಗುವಂತೆ ನೋಡಿದರು. ಆಕೆ ಏಳಲಿಲ್ಲ. ನಾನೊಬ್ಬಳೇ ವಾಪಸು ಬಂದೆ. ದಾರಿಯುದ್ದಕ್ಕೂ ಬಸಪ್ಪನನ್ನು, ಆಕೆಯನ್ನು, ಆ ಡಾಕ್ಟರನ್ನು ಒಟ್ಟಿಗೇ ಬೈದುಕೊಂಡೆ. ಆಸ್ಪತ್ರೆಯಲ್ಲಿ ಡಾಕ್ಟರು ಆಕೆಗಾಗಿ ಪ್ರಾರ್ಥಿಸೋಣ ಅಂದಾಗ, ಪ್ರಾರ್ಥನೆಗೇನೂ ಇಲ್ಲಿ ಬರ ಬಂದಿಲ್ಲ ಅಂದುಬಿಟ್ಟೆ.

ಸಂಜೆ ಸಾಮಾನು ಕಟ್ಟುವ ಹೊತ್ತಿಗೆ ಆಕೆ ಸೊಸೆಯೊಂದಿಗೆ ಬಂದು ನಿಂತಳು. ಪಾದ ಕೊಟ್ಟನಾ ಅಂತ ಕೇಳಿದೆ.

“ಕೊಡ್ನಿಲ್ಲ ನರ್ಸಮ್ಮ. ಅವ್ನು ಯಾವ ಕಡೀಕ್ ತಿರುಗವ್ನೆ ಅಂತ ಸೊಸೇನ ಕೇಳ್ಬೇಕಾಯ್ತು. ಅವ್ನ ಮೊಕ ಕಂಡು ಏಸೋ ವರ್ಸ ಆಯ್ತು. ಮೊದ್ಲು ಕಣ್ತುಂಬ ನೋಡ್ತೀನಿ. ಆಮೇಕೆ ಕೇಳ್ತೀನಿ, ಯಾಕಪ್ಪ ಕೊಡ್ನಿಲ್ಲ ಅಂತ.”

ಕಟ್ಟಿದ್ದ ಪೆಟ್ಟಿಗೆಗಳನ್ನು ಬಿಚ್ಚಿಸಿದೆ.

ಟೇಬಲ್ಲಿನ ಮೇಲೆ ಮಲಗಿದ ಆಕೆ ಅದರ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಇರುವುದೊಂದೇ ಕಣ್ಣು, ಬಸಪ್ಪನ ಮಾತು ಮೀರಿ ಬಂದಿದ್ದಾಳೆ. ನನಗೂ ಹೆದರಿಕೆಯಾಯಿತು. ಡಾಕ್ಟರು ಯಥಾಪ್ರಕಾರ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿದರು. ಸುತ್ತಲಿನ ಮಾತು ನಿಂತಿದ್ದಕ್ಕೆ, ಏನು ಮಾಡುತ್ತಿದ್ದಾರೆ ಅಂತ ಆಕೆ ಕೇಳಿದಳು. ಅವರ ದೇವರನ್ನು ಕೇಳುತ್ತಿದ್ದಾರೆ ಅಂದೆ.

“ಒಪ್ಪುದ್ನಾ?”

“ಇನ್ನೂ ಕೇಳ್ತಾವ್ರೆ ಕಣಕ್ಕ. ತಡಿ.”

ಆಕೆಯ ಕೈ ಹಿಡಿದುಕೊಂಡೆ. ಅವರು ಈ ಪ್ರಾರ್ಥನೆಯನ್ನು ಮಾತ್ರ ಬೇಗ ಮುಗಿಸದಿದ್ದರೆ ಸಾಕು ಅನ್ನಿಸಿತು.