ಮೂರನೆಯ ತಂತಿ

ಗುಡ್ಡದಾಚೆಯ ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದವಳನ್ನು ಎಲ್ಲರೂ ಪುಕ್ಕಲಕ್ಕ ಎನ್ನುತ್ತಿದ್ದರು. ಎದುರಿಗೇ ಹಾಗೆ ಕರೆದರೂ ಅವಳಿಗೆ ಬೇಸರವಿರಲಿಲ್ಲ. ಬಾಗಿಲ ಚಿಲಕವನ್ನು ಎರಡು ಸಲ ಎಳೆದು ನೋಡುವಳು, ರೋಗಿಯ ಹೆಸರನ್ನು ಮೂರು ಸಲ ಕೇಳುವಳು. ಚಿತ್ರ ಓದಬಲ್ಲ ವೈದ್ಯರು ಅಲ್ಲಿರಲಿಲ್ಲ. ಅವಳು ತೆಗೆದದ್ದು ರೇಡಿಯೊ ಗೋಪುರದ ಮೂಲಕ ನಗರದಲ್ಲಿದ್ದ ನನ್ನ ಪರದೆಗೆ ಬರುತ್ತಿತ್ತು. ಓದಿ ಹೇಳುವುದು ನನ್ನ ಕೆಲಸ. ಹನ್ನೊಂದು ವರ್ಷ ಅವಳು ನನಗೆ ಬರೀ ಫೋನಿನ ದನಿ.

ಚಿತ್ರ ಕಳಿಸುವ ಹಳೆಯ ಯಂತ್ರವಿದ್ದಾಗ ಗಾಳಿ ಎದ್ದು ಸಂಕೇತ ಕೆಟ್ಟರೆ ಚಿತ್ರ ಬರುತ್ತಲೇ ಇರಲಿಲ್ಲ. ಬಂದರೆ ಪೂರ್ತಿ, ಇಲ್ಲದಿದ್ದರೆ ಖಾಲಿ ಪರದೆ. ಹೊಸ ಯಂತ್ರ ಚಿತ್ರವನ್ನು ಕುಗ್ಗಿಸುವ ಕೆಲಸವನ್ನೂ ದಾರಿಯಲ್ಲಿ ಸಂಕೇತಕ್ಕೆ ಬೆರೆಯುವ ಗದ್ದಲದಿಂದ ಅದನ್ನು ಕಾಯುವ ಕೆಲಸವನ್ನೂ ಒಟ್ಟಿಗೇ ಮಾಡುತ್ತಿತ್ತು. ಗದ್ದಲ ಹೆಚ್ಚಿದಷ್ಟೂ ಸೂಕ್ಷ್ಮ ಗೆರೆಗಳು ಅಳಿಸಿ ಚಿತ್ರ ನುಣ್ಣಗಾಗುತ್ತಿತ್ತು, ಬರುವುದು ಮಾತ್ರ ನಿಲ್ಲುತ್ತಿರಲಿಲ್ಲ. ನಮಗೆಲ್ಲ ಖುಷಿ. ಅವಳಿಗೆ ಮಾತ್ರ ನಿದ್ದೆ ಕೆಟ್ಟಿತು.

"ಈ ಯಂತ್ರ ಯಾವತ್ತೂ ‘ನನ್ನ ಕೈಲಾಗಲ್ಲ’ ಅನ್ನೋದೇ ಇಲ್ಲ ಡಾಕ್ಟ್ರಮ್ಮ. ಅದಕ್ಕೇ ಭಯ," ಎಂದಳು.

ಆ ಭಯಕ್ಕೆ ಅವಳೇ ಒಂದು ಉಪಾಯ ಹುಡುಕಿದಳು. ಮೂರು ತಾಮ್ರದ ತಂತಿಗಳು. ಒಂದು ದಪ್ಪ, ಒಂದು ಸಣ್ಣ, ಮೂರನೆಯದು ಕೂದಲೆಳೆಯಷ್ಟು. ಚಿತ್ರದಲ್ಲಿ ಮೂಳೆಯ ಪಕ್ಕಕ್ಕೇ ಬರುವಂತೆ ಅಂಟಿಸಿ, ಕಳಿಸಿದ ಮೇಲೆ ಎಷ್ಟು ಕಾಣುತ್ತವೆ ಎಂದು ಕೇಳುವಳು. ಕೂದಲೆಳೆ ತಂತಿ ಕಂಡರೆ ಕೂದಲೆಳೆ ಬಿರುಕೂ ಕಂಡೀತು ಎಂಬ ಲೆಕ್ಕ. ತಂತಿ ಎಣಿಸಲು ನಾನು ಇಷ್ಟು ಓದಬೇಕಿರಲಿಲ್ಲ ಎಂದು ಗದರಿದ್ದುಂಟು.

ಒಂದು ಮಧ್ಯಾಹ್ನ ಅವಳ ತಂಗಿಯನ್ನೇ ಹಲಗೆಯ ಮೇಲೆ ಮಲಗಿಸಿ ತಂದರು. ಗೋಡೆಗೆ ಬಣ್ಣ ಬಳಿಯುತ್ತ ಏಣಿಯಿಂದ ಬಿದ್ದಿದ್ದಳು. ಕತ್ತು ನೋವು; ಕೈಕಾಲು ಇನ್ನೂ ಆಡುತ್ತಿದ್ದವು. ಕತ್ತಿನ ಮೂಳೆ ಬಿರುಕು ಬಿಟ್ಟಿದ್ದರೆ, ಎಬ್ಬಿಸಿ ಕೂರಿಸಿದ ಕ್ಷಣಕ್ಕೆ ಆ ಆಟವೂ ನಿಲ್ಲಬಹುದು. ಹೊರಗೆ ಗೋಪುರ ಅಲುಗುವಷ್ಟು ಗಾಳಿ.

ಚಿತ್ರ ಬಂತು. ನುಣುಪಾದ, ಸ್ವಚ್ಛವಾದ ಮೂಳೆಗಳು. ಏನೂ ಆಗಿಲ್ಲ, ಕೂರಿಸಬಹುದು ಎಂದು ಹೇಳಿಬಿಟ್ಟೆ.

ಫೋನಿನಲ್ಲಿ ತಂಗಿಯ ನಗು ಕೇಳಿಸಿತು. "ಅಕ್ಕ, ನಿನ್ನ ಕೈ ನಡುಕಕ್ಕೇ ನನ್ನ ಕತ್ತು ಮುರಿಯತ್ತೆ. ಏಳ್ತೀನಿ ಬಿಡು."

"ಅಲ್ಲಾಡಬೇಡ," ಎಂದಳು ಪುಕ್ಕಲಕ್ಕ. "ಡಾಕ್ಟ್ರಮ್ಮ, ತಂತಿ ಎಷ್ಟು?"

ನಾನು ಎಣಿಸಿರಲಿಲ್ಲ. ಎಣಿಸಿದೆ. ಒಂದೇ ಒಂದು.

ಎರಡು ತಂತಿಗಳನ್ನು ನುಂಗಿ ಅವುಗಳ ಜಾಗವನ್ನು ಅಷ್ಟು ಅಚ್ಚುಕಟ್ಟಾಗಿ ಸವರಿದ್ದ ಯಂತ್ರ, ಮೂಳೆಯಲ್ಲಿ ಏನನ್ನು ಸವರಿಹಾಕಿತ್ತೋ.

ಇಡೀ ಚಿತ್ರ ಬೇಡ, ಕತ್ತಿನ ಆ ಅಂಗೈಯಗಲದ ಭಾಗವನ್ನು ಮಾತ್ರ ಮತ್ತೆ ಕಳಿಸುತ್ತೇನೆ, ಯಂತ್ರದ ಬಲವೆಲ್ಲ ಅದಕ್ಕೇ ಸಿಗಲಿ ಎಂದಳು ಪುಕ್ಕಲಕ್ಕ. ನಾಲ್ಕು ನಿಮಿಷ ಹಿಡಿಯಿತು. ತಂಗಿಯ ತಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತಿದ್ದಳೆಂದು ನರ್ಸ್ ಆಮೇಲೆ ಹೇಳಿದಳು. ತಂಗಿ ಈಗ ನಗುತ್ತಿರಲಿಲ್ಲ. ಕಾಲು ಜುಮ್ಮೆನ್ನುತ್ತಿದೆ ಎಂದಳು.

ಪರದೆಯ ಮೇಲೆ ಮೊದಲು ದಪ್ಪ ತಂತಿ, ಆಮೇಲೆ ಸಣ್ಣದು ಮೂಡಿತು. ಕೊನೆಗೆ ಮೂರನೆಯದು. ಅದರ ಪಕ್ಕದಲ್ಲೇ, ಕತ್ತಿನ ಎರಡನೆಯ ಮೂಳೆಯಲ್ಲಿ, ಅಷ್ಟೇ ಸಣ್ಣ ಕಪ್ಪು ಗೆರೆ.

"ಮೂರು," ಎಂದೆ. "ಎಬ್ಬಿಸಬೇಡ."

ತಂಗಿ ಹತ್ತು ವಾರ ಕತ್ತಿಗೆ ಪಟ್ಟಿ ಕಟ್ಟಿಕೊಂಡಿದ್ದು ಮತ್ತೆ ಏಣಿ ಹತ್ತಿದಳು. ಪುಕ್ಕಲಕ್ಕನ ಭಯ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ನಾನು ಮಾತ್ರ ಅಂದಿನಿಂದ ಫೋನ್ ಎತ್ತಿದರೆ ಮೊದಲು ತಂತಿ ಎಷ್ಟೆಂದು ಹೇಳಿ, ಆಮೇಲೆ ಮೂಳೆಯ ಮಾತಿಗೆ ಬರುತ್ತಿದ್ದೆ.