ಗೋಡೆಯಿಲ್ಲದ ಕಕ್ಕಸಿನ ಬಾಗಿಲು

ಹಳೇಬೀಡಿನ ದೇವಸ್ಥಾನ ಕಟ್ಟಿದ್ದು ನಾನೇ ಕಣ್ರೀ. ಸುಳ್ಳು; ಗಾರೆ ಕೆಲಸದವನಾದ ನಾನು ಕಟ್ಟಿದ್ದು ಅದರ ಪಕ್ಕದ ಪುಟ್ಟಕ್ಕನ ಕಕ್ಕಸು. ಆಗ ಹಳೇ ಗೋಡೆಗಳೆಲ್ಲ ಬಿದ್ದು, ಚೌಕಟ್ಟಿನ ಸಮೇತ ಬಾಗಿಲೊಂದೇ ನಿಂತಿತ್ತು. ದೇವಸ್ಥಾನದ ಹತ್ತಿರ ಹೊಸದಾಗಿ ಏನೂ ಕಟ್ಟುವಂತಿಲ್ಲ, ಇರುವುದನ್ನು ರಿಪೇರಿ ಮಾಡಬಹುದು ಅಂತ ಕಾನೂನು.

"ಹಸಿ ಬಾಣಂತಿ ಮಗಳನ್ನ ಬಯಲಿಗೆ ಕಳಿಸ್ಲೇನಪ್ಪಾ?" ಅಂದಳು ಪುಟ್ಟಕ್ಕ.

ಪರಿಶೀಲನೆಗೆ ಪುರಾತತ್ವ ಇಲಾಖೆ ಸಾಹೇಬರು ಬರುವಷ್ಟರಲ್ಲಿ ನಾನು ಬಾಗಿಲ ಹಿಂದೆ ಕೂತು ಚಿಲಕ ಹಾಕಿಕೊಂಡೆ. ಅವರು ತಟ್ಟಿದರು.

"ಒಳಗಿದೀನಿ, ಸ್ವಲ್ಪ ತಡೀರಿ ಸಾ."

ಸಾಹೇಬರು ನಾಚಿಕೊಂಡು ಕೆರೆ ಕಡೆ ತಿರುಗಿ ನಿಂತರು. "ಬಳಕೆಯಲ್ಲೇ ಇದೆಯಲ್ಲಮ್ಮ, ರಿಪೇರಿ ಮಾಡಿಸ್ಕೊಳ್ಳಿ," ಅಂದರು ಪುಟ್ಟಕ್ಕನಿಗೆ.

ನಾನು ಎದ್ದು ಬಂದ ಮೇಲೆ ತಾವೂ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಇದನ್ನು ನಂಬಿದರೆ ನನ್ನ ಟೀ ದುಡ್ಡು ನೀವು ಕೊಡಿ. ನಂಬದಿದ್ದರೆ ಬನ್ನಿನದೂ ಸೇರಿಸಿ ಕೊಡಿ.